ಹುಣಸೆಹಣ್ಣಿನ ನೆವದಲ್ಲಿ ತವರಿಗೆ

ಮೊನ್ನೆ ಸಂಜೆ ಟಿ.ವಿ.ಯಲ್ಲಿ ಅಕ್ಕಪಕ್ಕದ ಎರಡು ದೇಶಗಳ ಮಂತ್ರಿಗಳು ಒಂದು ಕಾಗದಕ್ಕೆ ಸಹಿ ಹಾಕಿ, ಕೈಕುಲುಕಿ, ಫೋಟೋಕ್ಕೆ ನಗುತ್ತಾ ನಿಂತಿದ್ದರು. ಇನ್ನು ಮೇಲೆ ಅಲ್ಲಿಯ ಸರಕು ಇಲ್ಲಿಗೆ, ಇಲ್ಲಿಯ ಸರಕು ಅಲ್ಲಿಗೆ ಸುಂಕವಿಲ್ಲದೆ ಹೋಗಿ ಬರಬಹುದಂತೆ. ಇದರಿಂದ ರೈತನಿಗೂ ಲಾಭ, ವ್ಯಾಪಾರಿಗೂ ಲಾಭ, ಕೊಳ್ಳುವವನಿಗೂ ಲಾಭ ಎಂದು ಕೋಟು ಹಾಕಿಕೊಂಡ ಒಬ್ಬರು ವಿವರಿಸುತ್ತಿದ್ದರು. ನಮ್ಮ ಯಜಮಾನರು "ಒಳ್ಳೇದಾಯ್ತು ಬಿಡು" ಎಂದು ತಲೆದೂಗಿದರು, ಮುಂದೆ ನಿಂತು ಸಹಿ ಹಾಕಿಸಿದವರು ತಾವೇ ಎಂಬಂತೆ. ನಾನು ಕೆಳಗೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದೆ. ನನಗೆ ಯಾಕೋ ರೇಗಿತು.

ರೇಗುವಂಥದ್ದು ಅದರಲ್ಲಿ ಏನೂ ಇರಲಿಲ್ಲ, ಒಪ್ಪುತ್ತೇನೆ. ಆ ಕೋಟಿನವರು ಹೇಳಿದ್ದರಲ್ಲಿ ಸುಳ್ಳೂ ಇರಲಿಲ್ಲ. ದೇಶ ದೇಶಗಳ ವಿಷಯ ನನಗೆ ತಿಳಿಯದು. ಎರಡು ರಾಜ್ಯಗಳ ನಡುವಿನ ತಡೆ ತೆಗೆದರೆ ಏನಾಗುತ್ತದೆ ಎಂಬುದು ಮಾತ್ರ ನನಗೆ ಚೆನ್ನಾಗಿ ಗೊತ್ತು, ಯಾಕೆಂದರೆ ಆ ತಡೆಯ ಎರಡೂ ಕಡೆ ನನ್ನ ಮನೆಗಳಿವೆ.

ನಾನಿರುವುದು ಮಡಕಶಿರಾ ಕಡೆ, ಅಗಳಿಗೆ ಹತ್ತಿರದ ಒಂದು ಹಳ್ಳಿಯಲ್ಲಿ. ಊರು ಆಂಧ್ರಕ್ಕೆ ಸೇರಿದ್ದು, ಮನೆಯೊಳಗೆ ಕನ್ನಡ, ಬೀದಿಗೆ ಇಳಿದರೆ ಎರಡೂ. ನಾನು ಹುಟ್ಟಿದ್ದು ಗಡಿಯಾಚೆ, ಶಿರಾ ಕಡೆಯ ಹಳ್ಳಿಯಲ್ಲಿ. ಮದುವೆಯಾಗಿ ಬಂದಾಗ ನನಗೆ ತೆಲುಗಿನಲ್ಲಿ ಉಪ್ಪು ಕೇಳುವುದಕ್ಕೂ ಬರುತ್ತಿರಲಿಲ್ಲ. ಎರಡು ಊರಿಗೂ ನಡುವೆ ಇರುವುದು ಬಸ್ಸಿನಲ್ಲಿ ಒಂದೂವರೆ ಗಂಟೆಯ ದಾರಿ. ಅಷ್ಟು ಹತ್ತಿರವಿದ್ದ ಮೇಲೆ ಬೇಕೆಂದಾಗ ತವರಿಗೆ ಹೋಗಬಹುದಲ್ಲ ಎಂದು ಯಾರಿಗಾದರೂ ಅನ್ನಿಸೀತು. ಅಂಥವರು ನಮ್ಮ ಅತ್ತೆಯನ್ನು ಕಂಡಿಲ್ಲ.

ಅತ್ತೆ ಕೆಟ್ಟವರೇನಲ್ಲ. ಬಾಣಂತನಕ್ಕೆ ಕಳಿಸಿದರು, ಮೊದಲ ಪಂಚಮಿಗೆ ಕಳಿಸಿದರು, ಮದುವೆ ಮುಂಜಿ ಎಂದಾಗಲೂ ತಡೆಯಲಿಲ್ಲ. ಉಳಿದ ದಿನಗಳಲ್ಲಿ ಅವರದು ಒಂದೇ ಪ್ರಶ್ನೆ: "ಏನ್ ಕೆಲ್ಸ ಐತಮ್ಮ ಅಲ್ಲಿ?" ಅವ್ವನನ್ನು ನೋಡಬೇಕು ಎನ್ನುವುದು ಅವರ ಲೆಕ್ಕದಲ್ಲಿ ಕೆಲಸವಾಗಿರಲಿಲ್ಲ. ಅವರು ತಮ್ಮ ತವರಿಗೂ ಹಾಗೆ ಸುಮ್ಮನೆ ಹೋದವರಲ್ಲ. ನಮ್ಮ ಸೀಮೆಯಲ್ಲಿ ಗಂಡನ ಮನೆಯಲ್ಲಿರುವ ಹೆಣ್ಣು ಕಾರಣವಿಲ್ಲದೆ ತವರಿನ ಬಸ್ಸು ಹತ್ತಿದಳೆಂದರೆ, ಮನೆಯಲ್ಲಿ ಏನೋ ನಡೆದಿದೆ ಎಂದೇ ಅರ್ಥ.

ನನಗೆ ಕಾರಣ ಒದಗಿಸಿಕೊಟ್ಟಿದ್ದು ಗಡಿಯ ಚೆಕ್‌ಪೋಸ್ಟು.

ನಮ್ಮ ಹೊಲದ ಬದುವಿನಲ್ಲಿ ಹನ್ನೊಂದು ಹುಣಸೆ ಮರಗಳಿವೆ. ಮಾಘದಿಂದ ಯುಗಾದಿಯವರೆಗೆ ಹಣ್ಣು ಉದುರಿಸಿ, ಬಡಿದು, ನಾರು ಬೀಜ ಬಿಡಿಸಿ, ಒಣಗಿಸಿ ಮಾರುವುದು ನಮ್ಮ ದೊಡ್ಡ ಆದಾಯ. ತುಮಕೂರಿನ ಮಂಡಿಯಲ್ಲಿ ನಮ್ಮ ಹಣ್ಣಿಗೆ ಒಳ್ಳೆಯ ಬೆಲೆ ಸಿಗುತ್ತಿತ್ತು. ಆದರೆ ವ್ಯಾಪಾರದ ಸರಕು ಎಂದು ಗಡಿ ದಾಟಿಸಬೇಕಾದರೆ ಆ ಪತ್ರ, ಈ ಪತ್ರ, ಮೊಹರು, ರಸೀದಿ ಎಂದು ದಿನಗಟ್ಟಲೆ ಅಲೆಯಬೇಕು. ನಂಟರ ಮನೆಗೆ ಒಯ್ಯುವ ದಿನಸಿಗೆ ಇದ್ಯಾವುದೂ ಬೇಡ. ಹೀಗಾಗಿ ಗಡಿಯ ಹಳ್ಳಿಗಳಲ್ಲಿ ಒಂದು ಪದ್ಧತಿಯೇ ಬೆಳೆದುಬಿಟ್ಟಿತ್ತು. ಆಚೆಯಿಂದ ಸೊಸೆ ತಂದ ಮನೆಯವರು ಹಣ್ಣನ್ನು ಸೊಸೆಯ ತವರಿಗೆ ಒಯ್ಯುತ್ತಿದ್ದರು. ಅಲ್ಲಿಂದ ಮಂಡಿಗೆ ಸೇರಿಸುವುದು ಬೀಗರ ಜವಾಬ್ದಾರಿ. ನನ್ನನ್ನು ನೋಡಲು ಬಂದಾಗ ನಮ್ಮ ಮಾವ ನನ್ನ ಮುಖವನ್ನು ಎಷ್ಟು ನೋಡಿದರೋ, ನಮ್ಮೂರಿನಿಂದ ತುಮಕೂರಿಗೆ ಇರುವ ರಸ್ತೆಯನ್ನೂ ಅಷ್ಟೇ ನೋಡಿದರು ಎಂದು ನಮ್ಮಣ್ಣ ಇವತ್ತಿಗೂ ಹಂಗಿಸುತ್ತಾನೆ.

ಆ ಸವಾರಿಯ ತಯಾರಿ ಮದುವೆಯ ದಿಬ್ಬಣಕ್ಕಿಂತ ಕಡಿಮೆಯದಲ್ಲ. ಗೋಣಿಚೀಲ ಮುಟ್ಟುವಂತಿಲ್ಲ, ಚೀಲ ಕಂಡರೆ ವ್ಯಾಪಾರ ಎಂದುಬಿಡುತ್ತಾರೆ. ಹಣ್ಣನ್ನು ಹಳೆಯ ಸೀರೆಗಳಲ್ಲಿ ಗಂಟು ಕಟ್ಟಿ, ಬಿದಿರಿನ ಮಂಕರಿಗಳಲ್ಲಿ ತುಂಬಿ, ಟೆಂಪೊದಲ್ಲಿ ಒತ್ತೊತ್ತಾಗಿ ಇಡಬೇಕು. ಎಲ್ಲರಿಗೂ ಕಾಣುವ ಹಾಗೆ ಮೇಲೆ ಒಂದು ಬುಟ್ಟಿ ಹುರುಳಿ, ನಾಲ್ಕು ತೆಂಗಿನಕಾಯಿ, ಒಂದು ಕಂತೆ ನುಗ್ಗೆಕಾಯಿ. ಕಾಲು ಕಟ್ಟಿದ ಒಂದು ಹೇಂಟೆ. ಆಮೇಲೆ ನಾನು. ಒಳ್ಳೆಯ ಸೀರೆ ಉಟ್ಟು, ಹೂ ಮುಡಿದು, ಡ್ರೈವರ್ ಪಕ್ಕದ ಸೀಟಿನಲ್ಲಿ. "ಮಗೂನ ಕಿಟಕಿ ಕಡೆ ಹಿಡ್ಕ" ಎಂದು ಯಜಮಾನರು ಹಿಂದಿನಿಂದ ಕೂಗುತ್ತಿದ್ದರು. ಮಗು ಅತ್ತರೆ ಇನ್ನೂ ಒಳ್ಳೆಯದು. ಅಳುವ ಮಗುವನ್ನು ಬಿಸಿಲಲ್ಲಿ ಯಾರೂ ಹೆಚ್ಚು ಹೊತ್ತು ನಿಲ್ಲಿಸುವುದಿಲ್ಲ.

ಚೆಕ್‌ಪೋಸ್ಟಿನಲ್ಲಿ ರಾಯದುರ್ಗದ ಕಡೆಯ ಒಬ್ಬ ಗುಮಾಸ್ತರಿದ್ದರು. ಜಿಲ್ಲೆ ಒಂದೇ ಆದರೂ ಅವರ ಕನ್ನಡ ಬಳ್ಳಾರಿಯದು. ಟೆಂಪೊದ ಸುತ್ತ ಒಂದು ಸುತ್ತು ಬಂದು, ಗಂಟುಗಳನ್ನು ನೋಡಿ, ಕೊನೆಗೆ ನನ್ನ ಕಿಟಕಿಯ ಹತ್ತಿರ ನಿಲ್ಲುತ್ತಿದ್ದರು.

"ಇಷ್ಟ್ ಹುಳಿ ಯಾಕ್ರಿ ಅವ್ವಾರ? ನಿಮ್ಮ ತವರು ಮನ್ಯಾಗ ಎಷ್ಟ್ ಮಂದಿ ಅದಾರ?"

"ಇಪ್ಪತ್ತೆರಡು ಜನ ಸ್ವಾಮಿ."

"ಹೋದ ವಾರನೂ ಒಯ್ದಿದ್ರಲ್ರಿ?"

"ಅದು ಮುಗೀತು ಸ್ವಾಮಿ."

ಅವರು ನಗು ತಡೆಯಲಾಗದೆ ಆ ಕಡೆ ತಿರುಗಿಕೊಳ್ಳುತ್ತಿದ್ದರು. "ಅಷ್ಟು ಹುಳಿ ತಿಂದವ್ರ ಹಲ್ಲು ಹೆಂಗ ಅದಾವ, ಒಮ್ಮೆ ಬಂದು ನೋಡಬೇಕ್ರಿ" ಎಂದು ಅಡ್ಡಗಂಬ ಎತ್ತಿಸುತ್ತಿದ್ದರು. ಒಮ್ಮೆ ಯಾವ ಗಾಡಿಯೂ ಇಲ್ಲದ ಹೊತ್ತಿನಲ್ಲಿ ಮಗುವಿಗೆ ನೀರು ತಂದುಕೊಟ್ಟು, "ನಾ ಮನಿಗೆ ಹೋಗಿ ಎರಡ್ ತಿಂಗಳಾತ್ರಿ. ನಿಮ್ಮ ಹಂಗ ನನಗೂ ಒಂದ್ ನೆವ ಸಿಗಬೇಕಲ್ರಿ" ಎಂದರು. ಅವರಿಗೆ ಎಲ್ಲ ಗೊತ್ತಿತ್ತು. ಅವರಿಗೆ ಗೊತ್ತಿದೆ ಎಂಬುದು ನಮಗೂ ಗೊತ್ತಿತ್ತು. ತವರಿನಲ್ಲಿ ನಿಜಕ್ಕೂ ಇದ್ದವರು ಐದು ಜನ.

ಎಲ್ಲರೂ ಅವರಂಥವರಲ್ಲ. ಒಂದು ವರ್ಷ ಹೊಸಬರೊಬ್ಬರು ಗಂಟುಗಳನ್ನು ಬಿಚ್ಚಿಸಿ, ಇದು ವ್ಯಾಪಾರದ ಮಾಲು, ಪಕ್ಕಕ್ಕೆ ಹಾಕಿ ಎಂದುಬಿಟ್ಟರು. ತಪ್ಪು ನಮ್ಮದೇ, ಬಾಯಿ ಬಿಡುವ ಹಾಗಿರಲಿಲ್ಲ. ಯಜಮಾನರು ಪತ್ರ ತರಲು ಮಡಕಶಿರಕ್ಕೆ ಓಡಿದರು. ನಾನು ಮಗಳನ್ನು ಎತ್ತಿಕೊಂಡು ತಗಡಿನ ಶೆಡ್ಡಿನ ಕೆಳಗೆ ಕೂತೆ. ಮಧ್ಯಾಹ್ನ ಕಳೆಯುತ್ತಿದ್ದ ಹಾಗೆ ಎಲ್ಲಿತ್ತೋ ಬೇಸಿಗೆ ಮಳೆ, ಹೊಯ್ದುಬಿಟ್ಟಿತು. ಟಾರ್ಪಾಲು ಅರ್ಧಕ್ಕೇ ಸಾಕಾಗುತ್ತಿತ್ತು. ಬಂಗಾರದ ಬಣ್ಣಕ್ಕಿದ್ದ ಹಣ್ಣು ನನ್ನ ಕಣ್ಣೆದುರೇ ನೆನೆದು ರಸ ಬಿಟ್ಟಿತು, ಮಂಡಿ ಸೇರುವಷ್ಟರಲ್ಲಿ ಕಪ್ಪಾಗಿತ್ತು. ಮಾವ ಆ ವರ್ಷ ಯಾರ ಹತ್ತಿರವೂ ಮುಖ ಕೊಟ್ಟು ಮಾತಾಡಲಿಲ್ಲ. ಆ ಅಡ್ಡಗಂಬಕ್ಕೆ ನಾನು ಹಾಕಿದ ಶಾಪ ಸಣ್ಣದಲ್ಲ.

ಹಾಗೆ ಶಪಿಸುತ್ತಲೇ ಅದನ್ನು ದಾಟಿ ಅವ್ವನ ಮನೆ ಸೇರುತ್ತಿದ್ದೆ. ಅಣ್ಣನೂ ಯಜಮಾನರೂ ಹಣ್ಣು ತೆಗೆದುಕೊಂಡು ತುಮಕೂರಿಗೆ ಹೋಗಿ, ಮಾರಿ, ಟೆಂಪೊ ವಾಪಸ್ಸು ತರುವಷ್ಟರಲ್ಲಿ ಎರಡು ದಿನ. ವರ್ಷಕ್ಕೆ ಮೂರು ಸಲ. ಆ ದಿನಗಳಲ್ಲಿ ನಾನು ಮಾಡುತ್ತಿದ್ದ ಘನಕಾರ್ಯ ಏನೆಂದರೆ ಏನೂ ಇಲ್ಲ. ಹೊತ್ತೇರುವವರೆಗೆ ಮಲಗುತ್ತಿದ್ದೆ. ಅವ್ವ ತಲೆಗೆ ಎಣ್ಣೆ ಒತ್ತಿ ನೀರು ಹಾಕುತ್ತಿದ್ದಳು, ರಾಗಿರೊಟ್ಟಿ ತಟ್ಟಿಕೊಡುತ್ತಿದ್ದಳು. ಮಾತು ಮಾತ್ರ ಕಡಿಮೆ. ನಾನು ಟೆಂಪೊದಿಂದ ಇಳಿದ ಕೂಡಲೇ ಅವಳ ಬಾಯಿಂದ ಬರುತ್ತಿದ್ದದ್ದು "ಹಣ್ಣು ಹೆಂಗೈತೆ ಈ ಸಲ?" ಎಂಬ ಪ್ರಶ್ನೆ. ಹೊರಡುವಾಗಲೂ ಅದೇ: "ಇನ್ನೂ ಎಷ್ಟು ಹಣ್ಣೈತೆ?" ಮಗಳು ಹೇಗಿದ್ದಾಳೆ, ಅತ್ತೆ ಮನೆಯಲ್ಲಿ ಹೇಗೆ ನೋಡಿಕೊಳ್ಳುತ್ತಾರೆ, ಒಂದೂ ಇಲ್ಲ. ಇವಳಿಗೂ ನಮ್ಮ ಮಾವನಿಗೂ ಏನು ವ್ಯತ್ಯಾಸ ಎಂದು ನನಗೆ ಅಳು ಬರುತ್ತಿತ್ತು. ಮಂಡಿಯ ಸಾಹುಕಾರನ ಹಾಗೆ ಹಣ್ಣಿನ ವಿಚಾರಣೆ.

ಆಮೇಲೆ ಒಂದು ಆಷಾಢದಲ್ಲಿ ದೇಶಕ್ಕೆಲ್ಲ ಒಂದೇ ತೆರಿಗೆ ಬಂತು, ಚೆಕ್‌ಪೋಸ್ಟುಗಳು ಹೋದವು. ಅಡ್ಡಗಂಬವನ್ನು ಎತ್ತಿ ಯಾರೋ ಚರಂಡಿಯ ಪಕ್ಕಕ್ಕೆ ಹಾಕಿದ್ದರು. ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ, ನಮಗೆ ಅದರಿಂದ ಒಳ್ಳೆಯದೇ ಆಯಿತು. ಆಚೆಯ ವ್ಯಾಪಾರಿಗಳು ತಾವೇ ಲಾರಿ ತಂದು ನಮ್ಮ ಅಂಗಳದಲ್ಲಿ ತೂಕ ಹಾಕತೊಡಗಿದರು. ಇವತ್ತು ಶಿರಾದಲ್ಲಿ ಎಷ್ಟು, ತುಮಕೂರಿನಲ್ಲಿ ಎಷ್ಟು, ಹಿಂದೂಪುರದಲ್ಲಿ ಎಷ್ಟು ಎಂದು ಯಜಮಾನರು ಫೋನಿನಲ್ಲಿ ವಿಚಾರಿಸಿ, ಕಾಲ ಮೇಲೆ ಕಾಲು ಹಾಕಿಕೊಂಡು ಚೌಕಾಸಿ ಮಾಡುತ್ತಾರೆ. ಬೀಜ ಬಿಡಿಸುವ ಕೆಲಸವೂ ಆಚೆಯಿಂದ ಬರುತ್ತದೆ. ನಮ್ಮ ಬೀದಿಯ ಹೆಂಗಸರು ಈಗ ಆಷಾಢದವರೆಗೂ ಮನೆ ಜಗಲಿಯಲ್ಲೇ ಕೂತು ದುಡಿಯುತ್ತಾರೆ. ಕುರಿ ಮಾರುವವರಿಗೂ ಇದೇ ಅನುಕೂಲ. ಹಸುಗೂಸು ಎತ್ತಿಕೊಂಡು ತಗಡಿನ ಶೆಡ್ಡಿನಲ್ಲಿ ಕೂರುವ ಗತಿ ನನ್ನ ಸೊಸೆಗೆ ಬರುವುದಿಲ್ಲ. ಇದೆಲ್ಲ ಸಣ್ಣ ಮಾತಲ್ಲ.

ಮೊದಲ ವರ್ಷದ ಹಣ್ಣಿಗೆ ಲಾರಿ ಬಂದ ದಿನ ನಾನು ಬೆಳಿಗ್ಗೆಯೇ ಸ್ನಾನ ಮಾಡಿ, ಪೆಟ್ಟಿಗೆಯಿಂದ ಹಸಿರು ಸೀರೆ ತೆಗೆದು ಉಟ್ಟು, ಹೂ ಮುಡಿದುಕೊಂಡು ಹೊರಗೆ ಬಂದೆ. ಹಮಾಲರು ಹಣ್ಣು ತುಂಬುತ್ತಿದ್ದರು. ಈ ಸಲ ರಾಜಾರೋಷವಾಗಿ ಗೋಣಿಚೀಲಗಳಲ್ಲಿ. ಯಜಮಾನರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಎಲ್ಲಿಗೆ ಹೊಂಟೆ?"

"ಲಾರಿ ಹೋಗ್ತೈತಲ್ಲ."

"ಲಾರಿಗೆ ನೀನ್ಯಾಕೆ? ಈಗ ಹೆಂಗಸರೇನೂ ಬೇಕಾಗಿಲ್ಲ ಕಣೆ. ಸೀದಾ ತುಮಕೂರಿಗೇ ಹೋಗ್ತೈತೆ" ಎಂದು ನಕ್ಕರು. ನನಗೆ ತೊಂದರೆ ತಪ್ಪಿತು ಎಂಬ ಖುಷಿಯಲ್ಲಿ ಆಡಿದ ಮಾತು ಅದು. ಲಾರಿ ಹೊರಟಿತು. ನಾನು ಒಳಗೆ ಹೋಗಿ ಸೀರೆ ಬಿಚ್ಚಿ, ಮಡಿಸಿ, ಪೆಟ್ಟಿಗೆಗೆ ಹಾಕಿ ಒಲೆ ಹಚ್ಚಿದೆ. ಆ ದಿನದ ಸಾರಿಗೆ ಉಪ್ಪು ಹಾಕುವುದನ್ನೇ ಮರೆತಿದ್ದೆ.

ಆಮೇಲೆ ತವರಿಗೆ ಹೋಗಿದ್ದು ಮದುವೆಗೆ, ತಿಥಿಗೆ, ಗೃಹಪ್ರವೇಶಕ್ಕೆ. ಬೆಳಿಗ್ಗೆ ಹೋಗಿ ಸಂಜೆ ಬರುವುದು, ಅದೂ ಇಡೀ ಊಟದ ಸಾಲಿನ ನಡುವೆ ಅವ್ವನ ಮುಖ ಕಂಡರೆ ಕಂಡಿತು. ಫೋನ್ ಮಾಡಿದರೆ ಅವಳಿಗೆ ಕಿವಿ ಸರಿಯಾಗಿ ಕೇಳುವುದಿಲ್ಲ. ಈಚೆಯಿಂದ ನಾನು ಏನು ಕೂಗಿದರೂ ಆಚೆಯಿಂದ ಅದೇ "ಹಣ್ಣು ಹೆಂಗೈತೆ?" ಅತ್ತೆ ತೀರಿಕೊಂಡು ಆಗಲೇ ಬಹಳ ಕಾಲವಾಗಿತ್ತು, ನನ್ನನ್ನು ತಡೆಯುವವರು ಯಾರೂ ಇರಲಿಲ್ಲ. ಆದರೂ ಹೋಗಬೇಕೆಂದು ಮನಸ್ಸಾದಾಗಲೆಲ್ಲ ನನ್ನೊಳಗೇ ಯಾರೋ ಕೇಳುತ್ತಿದ್ದರು, ಏನ್ ಕೆಲ್ಸ ಐತಮ್ಮ ಅಲ್ಲಿ? ಮತ್ತೆ ಮೊರದ ಮುಂದೆ ಕೂರುತ್ತಿದ್ದೆ. ಅವ್ವನಿಗೆ ಎಂಬತ್ತು ಹತ್ತಿರ ಬಂತು. ಇನ್ನು ಎಷ್ಟು ಸಲ ನೋಡಲು ಸಿಗುತ್ತಾಳೆ ಎಂಬ ಭಯ ಶುರುವಾಗಿತ್ತು.

ಮೊನ್ನೆ ಟಿ.ವಿ.ಯ ಕೋಟಿನವರು ಸರಕುಗಳ ಮುಕ್ತ ಸಂಚಾರ ಎಂದು ಮೂರನೇ ಸಲ ಹೇಳಿದಾಗ ನಾನು ಕೈಯಲ್ಲಿದ್ದ ಹಣ್ಣನ್ನು ಮೊರಕ್ಕೆ ಹಾಕಿ ಎದ್ದೆ.

"ನಾಳೆ ತವರಿಗೆ ಹೋಗ್ ಬತ್ತೀನಿ."

"ಏನ್ ಕೆಲ್ಸ?"

"ಏನೂ ಇಲ್ಲ."

ಯಜಮಾನರು ಟಿ.ವಿ. ಸದ್ದು ತಗ್ಗಿಸಿದರು. "ಯಾರ್ಗಾದ್ರೂ ಹುಷಾರಿಲ್ವಾ?"

"ಎಲ್ಲಾ ಚೆನ್ನಾಗವ್ರೆ."

"ಮತ್ತೆ?"

"ಮತ್ತೆ ಏನೂ ಇಲ್ಲ. ಹೋಗ್ ಬತ್ತೀನಿ."

ಅವರು ಟಿ.ವಿ.ಯನ್ನೇ ಆರಿಸಿಬಿಟ್ಟರು. "ನಾನೇನ್ ಅಂದೆ ಈಗ?" ಎಂದರು ಪೆಚ್ಚಾಗಿ. ಏನೂ ಅಂದಿಲ್ಲ ಎಂದೆ. ನಂಬಲಿಲ್ಲ. ಬೆಳಿಗ್ಗೆ ಎಂದೂ ಇಲ್ಲದ್ದು ತಾವೇ ಹಾಲು ಕಾಯಿಸಿ ಕಾಫಿ ತಂದುಕೊಟ್ಟು, ಬಸ್ ಸ್ಟಾಪಿನವರೆಗೆ ಜೊತೆಗೆ ಬಂದರು.

ಬಸ್ಸಿನಲ್ಲಿ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಮಡಿಲಲ್ಲಿ ಮಗುವಿಲ್ಲ, ಕಾಲ ಬಳಿ ಬುಟ್ಟಿಯಿಲ್ಲ. ಚೆಕ್‌ಪೋಸ್ಟ್ ಇದ್ದ ಜಾಗ ಬಂದಾಗ ಅಭ್ಯಾಸಬಲದಿಂದ ಸೆರಗು ಸರಿಮಾಡಿಕೊಂಡು ಉತ್ತರ ಹೇಳಲು ಸಿದ್ಧಳಾದೆ. ಅಲ್ಲಿ ಒಬ್ಬಾತ ಕಲ್ಲಂಗಡಿ ರಾಶಿ ಹಾಕಿಕೊಂಡು ಕೂತಿದ್ದ. ಬಸ್ಸು ನಿಧಾನ ಕೂಡ ಮಾಡಲಿಲ್ಲ.

ಊರಿನ ಸ್ಟಾಪಿನಲ್ಲಿ ಇಳಿದರೆ ಅಣ್ಣ ಬೈಕ್ ನಿಲ್ಲಿಸಿಕೊಂಡು ಕಾಯುತ್ತಿದ್ದಾನೆ. ನಾನು ಬರುವ ವಿಷಯ ಅವನಿಗೆ ಹೇಳಿರಲಿಲ್ಲ. ಅವನು ನನ್ನ ಹಿಂದೆ ಮುಂದೆ ನೋಡಿದ, ಖಾಲಿ ಕೈ ನೋಡಿದ, ಬೈಕ್ ಹತ್ತಿಸಿಕೊಂಡ. ಮನೆ ಜಗಲಿಯ ಮೇಲೆ ಊರಿನ ಇಬ್ಬರು ಹಿರಿಯರು ಟವೆಲ್ ಹೊದ್ದುಕೊಂಡು ಗಂಭೀರವಾಗಿ ಕೂತಿದ್ದರು. ಅತ್ತಿಗೆ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದಳು. ಯಾರೋ ಹೋದರು ಎಂದುಕೊಂಡೆ.

"ಕೂತ್ಕಳಮ್ಮ" ಎಂದರು ಹಿರಿಯರಲ್ಲಿ ಒಬ್ಬರು. "ಹೆದ್ರಬೇಡ. ಏನಿದ್ರೂ ಬಿಚ್ಚಿ ಹೇಳು. ಕೈ ಗಿಯ್ ಮಾಡಿದ್ನಾ?"

"ಯಾರು?"

"ನಿನ್ ಗಂಡ."

ಯಜಮಾನರು ನನ್ನನ್ನು ಬಸ್ ಹತ್ತಿಸಿದವರೇ ಅಣ್ಣನಿಗೆ ಫೋನ್ ಮಾಡಿದ್ದರಂತೆ. ನಿಮ್ಮ ತಂಗಿ ಸಿಟ್ಟು ಮಾಡ್ಕಂಡು ಬತ್ತಾವ್ಳೆ, ನಾನೇನ್ ತಪ್ಪು ಮಾಡಿದ್ನೋ ನಂಗೂ ಗೊತ್ತಿಲ್ಲ, ಒಂದೀಟು ಸಮಾಧಾನ ಹೇಳಿ ಕಳ್ಸಿ, ಎಂದು. ಅಣ್ಣ ಅಷ್ಟಕ್ಕೇ ಪಂಚಾಯ್ತಿ ಕೂಡಿಸಿದ್ದ. ನನಗೆ ನಗು ಬಂತೋ ಸಿಟ್ಟು ಬಂತೋ ಹೇಳಲಾರೆ, ಬಹುಶಃ ಎರಡೂ ಒಟ್ಟಿಗೆ.

"ಯಾರೂ ಹೊಡೆದಿಲ್ಲ, ಬೈದಿಲ್ಲ. ಅವ್ವನ್ನ ನೋಡಣ ಅಂತ ಬಂದೆ."

"ಅಷ್ಟೇನಾ?" ಎಂದರು ಎರಡನೆಯ ಹಿರಿಯರು. ಅವರ ಮುಖದಲ್ಲಿ ನಿರಾಸೆಯೇ ಹೆಚ್ಚಿತ್ತು. "ಮತ್ತೆ ಹಣ್ಣು ಗಿಣ್ಣು ಏನೂ ತಂದಿಲ್ವಲ್ಲ?" ಕಾಫಿ ಕುಡಿದು, ಇನ್ನೊಂದು ಲೋಟ ಕುಡಿದು, ಒಳಗೆ ಏನೋ ಇದೆ, ಇವತ್ತಲ್ಲದಿದ್ದರೆ ನಾಳೆ ಹೇಳುತ್ತಾಳೆ ಎಂದು ಅಣ್ಣನಿಗೆ ಪಿಸುಗುಟ್ಟಿ ಎದ್ದು ಹೋದರು. ಅಣ್ಣ ಆಮೇಲೂ ನನ್ನ ಕಡೆ ಕಳ್ಳನೋಟ ಬೀರುತ್ತಲೇ ಇದ್ದ.

ಅವ್ವ ಹಿತ್ತಿಲಿನಲ್ಲಿ ಹುರುಳಿ ಕೇರುತ್ತಿದ್ದಳು. ಹತ್ತಿರ ಹೋಗಿ ಕೂತೆ. ಮೊರ ಕೆಳಗಿಟ್ಟು ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು. ಏಟು ಬಿದ್ದ ಗುರುತು ಹುಡುಕುತ್ತಿದ್ದಳು ಎಂದು ಕಾಣುತ್ತದೆ. ಸಿಗದಿದ್ದಾಗ ಉಸಿರು ಬಿಟ್ಟು, "ಹಣ್ಣು ಹೆಂಗೈತೆ ಈ ಸಲ?" ಎಂದಳು.

ಮೂವತ್ತು ವರ್ಷಗಳಿಂದ ಒಳಗೇ ಇಟ್ಟುಕೊಂಡಿದ್ದದ್ದು ಹೊರಗೆ ಬಂತು. ಅವಳ ಕಿವಿಯ ಹತ್ತಿರ ಬಾಯಿಟ್ಟು ಕೂಗಿಯೇ ಹೇಳಿದೆ: "ಹಣ್ಣು ಹೆಂಗೈತೆ, ಹಣ್ಣು ಹೆಂಗೈತೆ! ನಿನ್ನ ಮಗಳು ಹೆಂಗವ್ಳೆ ಅಂತ ಒಂದ್ ದಿನನಾದ್ರೂ ಕೇಳಿದೀಯ ಅವ್ವ?"

ಅವ್ವ ಗಾಬರಿಯಾಗಲಿಲ್ಲ, ನೊಂದುಕೊಳ್ಳಲೂ ಇಲ್ಲ. ನನಗೆ ಇಷ್ಟೂ ತಿಳಿಯಲಿಲ್ಲವೇ ಎಂಬಂತೆ ನೋಡಿದಳು.

"ಹಣ್ಣಾದ್ರೆ ತಾನೇ ಕಣೆ ನೀನ್ ಬರ್ತಿದ್ದಿದ್ದು? ಒಂದ್ ವರ್ಷ ಆಗುತ್ತೆ, ಒಂದ್ ವರ್ಷ ಕೈ ಕೊಡುತ್ತೆ ಹುಣಸೆ. ಹೂ ಬಿಟ್ಟ ಕಾಲದಾಗೆ ಗಾಳಿ ಬಂದ್ರೆ ಇಲ್ಲಿ ನನ್ನ ಎದೆ ಹೊಡ್ಕಳದು. ಊರಮುಂದ್ಲ ಅಮ್ಮಂಗೆ ವರ್ಷಾ ವರ್ಷಾ ತಂಬಿಟ್ಟಿನಾರತಿ ಎತ್ತಿದೀನಿ. ಇವ್ರೆಲ್ಲಾ ಮಳೆಗೆ ಅನ್ಕಂಡ್ರು. ನಾನ್ ಎತ್ತುತಿದ್ದಿದ್ದು ನಿಮ್ಮ ಹನ್ನೊಂದ್ ಮರಕ್ಕೆ."

ಅವ್ವ ಮೊರ ಎತ್ತಿಕೊಂಡು ಮತ್ತೆ ಕೇರತೊಡಗಿದಳು. ಕೇರುತ್ತಲೇ, ಯಾರಿಗೋ ಹೇಳುವ ಹಾಗೆ ತಗ್ಗಿದ ದನಿಯಲ್ಲಿ ಅಂದಳು:

"ಚೆಕ್‌ಪೋಸ್ಟ್ ತೆಗೆದ್ರು ಅಂತ ನಿಮ್ಮಣ್ಣ ಬೀದಿಗೆಲ್ಲ ಸಕ್ಕರೆ ಹಂಚಿದ. ಇನ್ ನನ್ ಮಗಳು ಬರಾಕಿಲ್ಲ ಅನ್ಕಂಡೆ. ಅವತ್ತು ನಾನ್ ಉಣ್ಣಲಿಲ್ಲ ಕಣೆ."

ಆ ದಿನ ನನಗೂ ಚೆನ್ನಾಗಿ ನೆನಪಿದೆ. ಸುದ್ದಿ ಕೇಳಿದ ಖುಷಿಗೆ ಬೇಳೆ ಬೇಯಿಸಿ ಒಬ್ಬಟ್ಟು ಮಾಡಿದ್ದೆ. ಯಜಮಾನರಿಗೆ, ಮಕ್ಕಳಿಗೆ, ಪಕ್ಕದ ಮನೆಯವರಿಗೆಲ್ಲ ಬಡಿಸಿ, ಕೊನೆಗೆ ನಾನೂ ತುಪ್ಪ ಹಾಕಿಕೊಂಡು ಎರಡು ತಿಂದಿದ್ದೆ. ಅದನ್ನು ಅವ್ವನಿಗೆ ಇನ್ನೂ ಹೇಳಿಲ್ಲ.